ಗ್ಯಾಪಿನಲ್ಲಿ ಓಡಿದ ಬಸ್ಸು

"ಮೇಡಂ, ಈ ಗ್ಯಾಪ್‌ನಾಗೆ ಏನ್ ತುಂಬ್ಲಿ?"

ಚಿತ್ರದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಡಿಟಿಪಿ ಅಂಗಡಿಯ ಮಂಜಣ್ಣ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಹೀಗೆ ಕೇಳಿದಾಗ ನಾನು ಬಾಗಿಲಾಚೆ ನೋಡುತ್ತಿದ್ದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಮಧ್ಯಾಹ್ನದ ಹೊತ್ತಿನಲ್ಲಿ ಅವನ್ನು ನೋಡುತ್ತ ಕೂತರೆ ನನಗೆ ಲೋಕದ ಪರಿವೆಯೇ ಇರುವುದಿಲ್ಲ. (ಇದು ನಮ್ಮೂರಿನ ಕಾಯಿಲೆ. ಔಷಧ ಇಲ್ಲ.)

"ಮೇಡಂ," ಅವನು ಮತ್ತೆ ಕರೆದ.

ಅವನ ಮುಂದೆ ನನ್ನ ಹಳೆಯ ರೆಸ್ಯೂಮೆ ಇತ್ತು. ನೀವು ಯಾವತ್ತಾದರೂ ನಿಮ್ಮ ಹಳೆಯ ರೆಸ್ಯೂಮೆ ತೆಗೆದು ನೋಡಿದ್ದೀರಾ? ನೋಡಬೇಡಿ. ಅದರೊಳಗಿರುವ ಮನುಷ್ಯರ ಪರಿಚಯವೇ ನಿಮಗಿರುವುದಿಲ್ಲ. ನನ್ನದರಲ್ಲಿ ಹೈಸ್ಕೂಲಿನ ಸಮಾಜ ವಿಜ್ಞಾನದ ಟೀಚರ್ ಒಬ್ಬಳಿದ್ದಳು. ಎಂ.ಎ., ಬಿ.ಎಡ್. ಹವ್ಯಾಸ, ಚಾರಣ. (ಒಮ್ಮೆ ಜೋಗಿಮಟ್ಟಿ ಬೆಟ್ಟಕ್ಕೆಂದು ಹೊರಟು, ಅರ್ಧ ದಾರಿಯಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದು ವಾಪಸ್ ಬಂದಿದ್ದೆ.) ದೌರ್ಬಲ್ಯ ಎಂಬಲ್ಲಿ "ಕೆಲಸವನ್ನು ವಿಪರೀತ ಹಚ್ಚಿಕೊಳ್ಳುತ್ತೇನೆ" ಎಂದಿತ್ತು. ಎಂಥ ಕಿಲಾಡಿ ನೋಡಿ.

ಅವಳು ಕೆಲಸ ಬಿಟ್ಟ ಮೇಲೆ ಕಾಗದ ಖಾಲಿ. ಬರೋಬ್ಬರಿ ಹತ್ತು ವರ್ಷದ ಬಿಳಿ ಜಾಗ.

ಹೊಳಲ್ಕೆರೆಯ ಒಂದು ಖಾಸಗಿ ಹೈಸ್ಕೂಲಿಗೆ ಸಮಾಜದ ಟೀಚರ್ ಬೇಕಾಗಿದ್ದಾರೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಆ ಕೆಲಸ ನನಗೆ ಬೇಕಿತ್ತು. ಬೇಕಿತ್ತು ಎಂದರೆ, ಕನಸಿನಲ್ಲಿ ಬೋರ್ಡಿನ ಮೇಲೆ ಭಾರತದ ನಕ್ಷೆ ಬರೆದು, ಎದ್ದ ಮೇಲೆ ಬೆರಳಿಗೆ ಚಾಕ್‌ಪುಡಿ ಅಂಟಿದೆಯೇ ಎಂದು ನೋಡಿಕೊಳ್ಳುವಷ್ಟು ಬೇಕಿತ್ತು. ಈಗ ಸಿಗದಿದ್ದರೆ ನನ್ನ ವಯಸ್ಸಿಗೆ ಮುಂದೆ ಯಾರೂ ಕರೆಯುವುದಿಲ್ಲ ಎಂಬುದೂ ಗೊತ್ತಿತ್ತು.

"ಗ್ಯಾಪ್ ಕಂಡ್ರೆ ಫೈಲ್ ಪಕ್ಕಕ್ಕಿಡ್ತಾರೆ ಮೇಡಂ," ಎಂದ ಮಂಜಣ್ಣ. "ನಮ್ ಭಾವಂದೊಂದು ನರ್ಸರಿ ಸ್ಕೂಲ್ ಐತೆ. ಅಲ್ಲಿ ಕೆಲ್ಸ ಮಾಡಿದ್ರಿ ಅಂತ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡಿಸ್ತೀನಿ. ಎಲ್ರೂ ಹಂಗೇ ಮಾಡೋದು."

ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ, "ಬೇಡಪ್ಪ. ಮಾವನವರನ್ನ ನೋಡ್ಕಂಡಿದ್ದೆ ಅಂತ ಬರಿ," ಎಂದೆ.

ಮಂಜಣ್ಣ ತಬ್ಬಿಬ್ಬಾದ. "ಅದು ಕೆಲ್ಸ ಅಲ್ವಲ್ಲ ಮೇಡಂ."

ನಾಳೆ ಬರುತ್ತೇನೆಂದು ಹೇಳಿ ಮನೆಗೆ ಬಂದೆ.

ಮನೆಯಲ್ಲಿ ನಮ್ಮ ಯಜಮಾನರ ಅಕ್ಕ ಬಂದು ಕೂತಿದ್ದರು. ತುರುವನೂರಿಗೆ ಕೊಟ್ಟ ಹೆಣ್ಣುಮಗಳು. ಬಾಯಿ ಜೋರು, ಕರುಳು ಮೆತ್ತಗೆ. ವಿಷಯ ಕೇಳಿದವರೇ ತಟ್ಟೆಯಲ್ಲಿದ್ದ ಅವಲಕ್ಕಿ ಪಕ್ಕಕ್ಕಿಟ್ಟರು.

"ಮಾವನ ಸೇವೆ ಮಾಡಿದ್ದನ್ನ ಅರ್ಜಿಯಾಗೆ ಬರೀತಾರೇನೇ? ಅದನ್ನೂ ಲೆಕ್ಕಕ್ಕೆ ಹಿಡಿದ್ಲು ಅಂತ ಜನ ಆಡ್ಕಂತಾರೆ. ಅಪ್ಪಯ್ಯನ ಹೆಸರು ಕೆಡ್ತೈತೆ."

ಮಾವನವರ ಕ್ರಿಯಾಕರ್ಮದ ದಿನ ನೆಂಟರೆಲ್ಲರ ಎದುರು "ನಾನು ಮಗಳು, ನನಗಿಂತ ಹೆಚ್ಚು ಮಾಡಿದ್ಲು" ಎಂದು ನನ್ನ ಕೈ ಹಿಡಿದು ಅತ್ತವರೂ ಇವರೇ. ಆವತ್ತಿನ ಮಾತೂ ಸುಳ್ಳಲ್ಲ, ಇವತ್ತಿನದೂ ಸುಳ್ಳಲ್ಲ. ನಮ್ಮ ಕಡೆ ಸೇವೆಯನ್ನು ಬಾಯಿತುಂಬ ಹೊಗಳಬಹುದು. ಕಾಗದದ ಮೇಲೆ ಬರೆದರೆ ಮಾತ್ರ ಅದು ಕೂಲಿಯಾಗಿಬಿಡುತ್ತದೆ.

ಅಕ್ಕ ಊರಿಗೆ ಹೊರಟ ಮೇಲೆ ಮಾವನವರ ಖಾಲಿ ಮಂಚದ ತುದಿಯಲ್ಲಿ ಕೂತೆ. ಕಿಟಕಿ ತೆರೆದಿತ್ತು. ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು.

ಮಾವ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬದುಕಿನುದ್ದಕ್ಕೂ ಒಂದೇ ರೂಟು. ದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಅಲ್ಲಿಂದ ಮಾಡದಕೆರೆ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಲಕ್ವ ಹೊಡೆದು ಬಲಗಡೆ ಹೋಯಿತು, ಮಾತೂ ಹೋಯಿತು. ಅತ್ತೆ ಮೊದಲೇ ತೀರಿಕೊಂಡಿದ್ದರು. ಯಜಮಾನರದು ಊರೂರು ತಿರುಗುವ ಸೇಲ್ಸ್ ಕೆಲಸ. ಯಾರಾದರೂ ಒಬ್ಬರು ಮನೆಯಲ್ಲಿ ಇರಬೇಕಲ್ಲ? ಆ "ಯಾರಾದರೂ ಒಬ್ಬರು" ಯಾರೆಂದು ನಿಮಗೆ ಬಿಡಿಸಿ ಹೇಳಬೇಕೇ?

ಮಾತಾಡಿಸುತ್ತಿರಿ ಎಂದಿದ್ದರು ಡಾಕ್ಟರು. ಏನು ಮಾತಾಡಿಸುವುದು? ಬಿಸಿಲು ಎಂದೆ, ಸಾರು ಎಂದೆ, ಪಕ್ಕದ ಮನೆಯ ಜಗಳ ವರದಿ ಮಾಡಿದೆ. ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಬೇಸತ್ತು, "ಮಾವ, ಬಸ್ಸು ದುರ್ಗ ಬಿಡ್ತು. ಮುಂದೆ ಯಾವ ಊರು?" ಎಂದೆ.

ಮುಚ್ಚಿದ್ದ ಕಣ್ಣು ತೆರೆಯಿತು. ತುಟಿ ಅಲುಗಿತು. ಏನೋ ಒಂದು ಸದ್ದು ಬಂತು. ಆ ಸದ್ದು ಹೊಳಲ್ಕೆರೆ ಆಗಲು ಎಷ್ಟೋ ತಿಂಗಳು ಹಿಡಿಯಿತು. ಆದ ದಿನ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಲ್ಲಿಂದ ಪ್ರತಿ ಮಧ್ಯಾಹ್ನ ನಮ್ಮ ಬಸ್ಸು ಹೊರಟಿತು. ಹುಣಸೆಮರದ ಸ್ಟಾಪು, ಕೆರೆ ಏರಿ, ಹೊಳಲ್ಕೆರೆ. ಆಮೇಲೆ ರೈಲ್ವೆ ಗೇಟು. ಕೆಲವು ದಿನ ಮಾವ ಎಡಗೈ ಅಡ್ಡ ಹಿಡಿದು ಗೇಟು ಹಾಕಿದೆ ಎಂದು ಸನ್ನೆ ಮಾಡುತ್ತಿದ್ದರು. ಸರಿ, ಇಬ್ಬರೂ ಮಾತಿಲ್ಲದೆ ಕಾಯುತ್ತಿದ್ದೆವು. ಬಾರದ ರೈಲು ಬಂದು ಹೋಗುತ್ತಿತ್ತು. ಒಮ್ಮೆ ತಮಾಷೆಗೆ ಬಸ್ಸನ್ನು ಹಿರಿಯೂರಿನ ಕಡೆ ತಿರುಗಿಸಿದೆ. ಮಾವನಿಗೆ ಕೆಂಡಾಮಂಡಲ ಸಿಟ್ಟು. ಅದು ಅವರ ರೂಟಲ್ಲವಲ್ಲ. ಆವತ್ತು ಸಂಜೆಯ ಕಾಫಿಯನ್ನೂ ಮುಟ್ಟಲಿಲ್ಲ.

ಹೊಸದುರ್ಗ ದಾಟುವಷ್ಟರಲ್ಲಿ ಹೆಚ್ಚಾಗಿ ಅವರಿಗೆ ಜೊಂಪು ಹತ್ತುತ್ತಿತ್ತು. ಮಂಚದ ಕಾಲಿಗೆ ಒರಗಿ ಕೂತ ನನಗೂ. ಯಾರೂ ಓಡಿಸದ ಬಸ್ಸು ತನ್ನ ಪಾಡಿಗೆ ಹೋಗುತ್ತಿತ್ತು. ಬಿಳಿ ಬಿಸಿಲು, ಕುರಿ ಮಂದೆ ದಾಟುವ ರಸ್ತೆ, ಕೈ ಅಡ್ಡ ಹಿಡಿದು ನಿಂತ ಯಾರೋ ಅಜ್ಜಿ. ನಾನು ಆ ರೂಟಿನ ಎಷ್ಟೋ ಊರುಗಳನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತವೆ.

ಹೋದ ವರ್ಷ ಒಂದು ಮಧ್ಯಾಹ್ನ, ರೈಲ್ವೆ ಗೇಟಿನಲ್ಲಿ ಕಾಯುತ್ತಿರುವಾಗಲೇ, ಮಾವ ಇಳಿದು ಹೋದರು.

ಅಕ್ಕ ಬಂದುಹೋದ ಮರುದಿನ ಮಂಜಣ್ಣನ ಅಂಗಡಿಗೆ ಹೋಗಿ, "ಮಾವನವರ ಆರೈಕೆ" ಎಂದು ಒಂದು ಸಾಲು ಟೈಪ್ ಮಾಡಿಸಿದೆ. ಅವನು ತಲೆ ಅಲ್ಲಾಡಿಸಿಕೊಂಡೇ ಪ್ರಿಂಟ್ ಕೊಟ್ಟ.

ಇಂಟರ್‌ವ್ಯೂಗೆ ಹೊಳಲ್ಕೆರೆಯ ಬಸ್ಸು ಹತ್ತಿದೆ. ಶಾಲೆಯ ಕಾರ್ಯದರ್ಶಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ಹಣೆಯ ಮೇಲೆ ವಿಭೂತಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಬರ್ರಿ ಮೇಡಂ, ಕುಂತ್ಕಳ್ರಿ." ಕಾಗದ ಓದಿದರು. "ಓದಿರೋದು ಚೆನ್ನಾಗೈತೆ. ಆದ್ರೆ ಇಷ್ಟು ವರ್ಷ ಏನೂ ಮಾಡಿಲ್ವಲ್ಲ?"

"ಬರ್ದೀನಲ್ಲ ಸರ್."

"ಅದು ಮನೆ ವಿಷ್ಯ. ನಾನು ಕೇಳಿದ್ದು ಎಕ್ಸ್‌ಪೀರಿಯೆನ್ಸ್."

ಏನು ಮಾಡಿದೆ ಎಂದು ಹೇಳಿಯೇ ಬಿಡೋಣ ಎನ್ನಿಸಿ ಬಸ್ಸಿನ ಕತೆ ಶುರು ಮಾಡಿದೆ. ಅವರು ಗಡಿಯಾರ ನೋಡುವುದನ್ನು ಬಿಟ್ಟರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಮಾತು ವಾಪಸ್ ಬಂತಾ ಮೇಡಂ?"

"ಊರುಗಳ ಹೆಸರು ಬಂತು ಸರ್. ನನ್ನ ಹೆಸರು ಬರ್ಲಿಲ್ಲ."

"ನಮ್ಮವ್ವಗೂ ಹಂಗೇ ಆಗೈತೆ. ಯಾರ್ನೂ ಮಾತಾಡ್ಸಲ್ಲ, ಊಟ ನುಂಗಲ್ಲ. ಗಂಜಿ ಹೆಂಗೆ ಕುಡಿಸ್ತಿದ್ರಿ? ಬೆನ್ನು ಹುಣ್ಣಾಗ್ದಂಗೆ ಏನ್ ಮಾಡಿದ್ರಿ? ಸ್ವಲ್ಪ ಹೇಳ್ರಿ."

ಹೇಳಿದೆ. ಗಂಜಿಯ ಹದ, ತಲೆ ಎತ್ತಿ ಹಿಡಿಯುವ ರೀತಿ, ಮಗ್ಗುಲು ಬದಲಿಸುವ ಹೊತ್ತು, ಸಿಟ್ಟು ಬಂದಾಗ ಸುಮ್ಮನಿರಬೇಕಾದದ್ದು. ಅವರು ಪೆನ್ನು ತೆಗೆದು ಒಂದೊಂದನ್ನೂ ಬರೆದುಕೊಂಡರು. ಯಾವುದರ ಮೇಲೆ ಎನ್ನುತ್ತೀರಿ? ನನ್ನ ರೆಸ್ಯೂಮೆಯ ಬೆನ್ನಿನ ಮೇಲೆ. ಮುಂಬದಿಯ ಬಗ್ಗೆ ಅವರು ಮತ್ತೇನನ್ನೂ ಕೇಳಲಿಲ್ಲ. ಹಿಂಬದಿ ತುಂಬಿಹೋಯಿತು.

"ಈಗ ಅವ್ವನ್ನ ಯಾರು ನೋಡ್ಕಳ್ತಾರೆ ಸರ್?" ಎಂದು ಕೇಳಿದೆ.

"ನಮ್ಮ ಮನೆಯವ್ರು. ಇಲ್ಲೇ ಟೀಚರ್ ಆಗಿದ್ರು. ಏನ್ ಮಾಡಾಣ, ಮನೆಯಾಗೆ ಯಾರಾದ್ರೂ ಒಬ್ರು ಇರ್ಬೇಕಲ್ಲ. ಬಿಡಿಸಿದ್ವಿ. ಈಗ ಖಾಲಿ ಇರೋದು ಅದೇ ಪೋಸ್ಟು."

ಒಳ್ಳೆಯ ಮನುಷ್ಯ. ಕಾಫಿ ತರಿಸಿದರು. ಬಾಗಿಲ ತನಕ ಎದ್ದು ಬಂದರು. "ಗ್ಯಾಪ್ ಇಲ್ದಿರೋರು ಇನ್ನೂ ಇಬ್ರು ಬಂದವ್ರೆ ಮೇಡಂ. ಕಮಿಟಿಯವ್ರು ಏನಂತಾರೋ ನೋಡಾಣ. ಫೋನ್ ಮಾಡ್ತೀವಿ," ಎಂದರು.

ಈ ಸಾಲು ಬರೆಯುವವರೆಗೂ ಆ ಫೋನ್ ಬಂದಿಲ್ಲ. ಮೊಬೈಲನ್ನು ಅಡುಗೆಮನೆಗೂ ಎತ್ತಿಕೊಂಡು ಓಡಾಡುತ್ತಿದ್ದೇನೆ, ನಾಚಿಕೆಯಿಲ್ಲ. ಬರದೇ ಹೋದರೆ ಅದಕ್ಕೆ ಹತ್ತು ವರ್ಷದ ಬಿಳಿ ಜಾಗವಷ್ಟೇ ಕಾರಣವಾಗಿರಲಾರದು. ಬಾಗಿಲಲ್ಲಿ ನಿಂತು, ಬಾಯಿ ತಡೆಯದೆ, ನಾನು ಅವರನ್ನು ಕೇಳಿಬಿಟ್ಟಿದ್ದೆ:

"ಸರ್, ನಾಳೆ ನಿಮ್ಮ ಮನೆಯವರು ಕೆಲಸಕ್ಕೆ ವಾಪಸ್ ಬರ್ತೀನಿ ಅಂದ್ರೆ, ಅವರ ಗ್ಯಾಪ್‌ನಲ್ಲಿ ಏನಂತ ಬರೆಸ್ತೀರಿ?"