ಅತ್ತೆಯ ಹೆಸರಿಗೊಂದು ಒಡಪು

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನನಗೆ ಕೆಲಸ. ಬೀಜ ಬೆಳೆದುಕೊಡುವ ರೈತರಿಗೆ ಫೋನ್ ಮಾಡುವುದು, ಅವರ ಹೊಲದ ಬೀಜದ ಪ್ಲಾಟು ನೋಡಲು ಯಾವಾಗ ಬರುತ್ತೇವೆಂದು ತಿಳಿಸುವುದು, ಅವರ ತಕರಾರು ಕೇಳಿಸಿಕೊಳ್ಳುವುದು. ಅದೊಂದು ವರ್ಷ ನಮ್ಮ ಮ್ಯಾನೇಜರರಿಗೆ ಒಂದು ವಿಚಾರ ಹೊಳೆಯಿತು. ಬೆಳೆಯುವ ರೈತರನ್ನೂ ಮಾರುವ ಅಂಗಡಿಯವರನ್ನೂ ಮನೆಮಂದಿ ಸಮೇತ ಒಂದು ಕಡೆ ಸೇರಿಸಬೇಕು, ಊಟ ಹಾಕಬೇಕು, ಊಟಕ್ಕೆ ಮೊದಲು ಆಟ ಆಡಿಸಬೇಕು.

"ಭಾಷಣ ಬ್ಯಾಡ. ಒಬ್ಬರ ಗುರ್ತು ಒಬ್ಬರಿಗೆ ಆಗ್ಬೇಕು. ಆಟದ ಜವಾಬ್ದಾರಿ ನಿಮ್ಮದು ನೋಡ್ರಿ" ಅಂದರು.

ನಾನು ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಆ ವಾರವೆಲ್ಲ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಆಟಗಳನ್ನೇ ನೋಡಿದೆ. ದೊಡ್ಡ ಊರಿನ ಆಫೀಸಿನವರು ಕಾಲಿಗೆ ಬಲೂನು ಕಟ್ಟಿಕೊಂಡು ಒಬ್ಬರದನ್ನೊಬ್ಬರು ಒಡೆಯುತ್ತಿದ್ದರು, ಕಾಗದದ ಲೋಟ ಪೇರಿಸುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಇದೇ ಸಾಕು ಅನಿಸಿತು.

ಕಾರ್ಯಕ್ರಮದ ದಿನ ಕಲ್ಯಾಣ ಮಂಟಪದೊಳಗೆ ಕಾಲಿಟ್ಟಾಗಲೇ ಧೈರ್ಯ ಅರ್ಧ ಇಳಿಯಿತು. ಅಂಗಡಿಯವರೆಲ್ಲ ಒಂದು ಗೋಡೆಗೆ ಕುರ್ಚಿ ಹಾಕಿಕೊಂಡಿದ್ದರು, ರೈತರು ಎದುರಿನ ಗೋಡೆಗೆ. ಹೆಣ್ಣುಮಕ್ಕಳು ಹಿಂದೆ ಜಮಖಾನದ ಮೇಲೆ. ಮೊದಲ ಆಟ ಹೆಸರಿನದು: ತಮ್ಮ ಹೆಸರು ಹೇಳಬೇಕು, ಜೊತೆಗೆ ಅದೇ ಅಕ್ಷರದ ಒಂದು ಹಣ್ಣಿನ ಹೆಸರು. ಮೊದಲು ಎದ್ದ ರೈತರೊಬ್ಬರು ಹೆಸರು ಹೇಳಿ ಅಷ್ಟಕ್ಕೇ ನಿಂತರು.

"ಹಣ್ಣು ಯಾಕ್ರಿ?" ಅಂದರು. ತಮಾಷೆಗಲ್ಲ, ಖರೇನೇ ತಿಳಿಯದೆ ಕೇಳಿದ್ದು. ನಾನು ಆ ಆಟ ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋದೆ.

ಬಲೂನು ತೆಗೆದಾಗ ಧೋತರ ಉಟ್ಟ ಇನ್ನೊಬ್ಬ ಹಿರಿಯರು, "ಈ ವಯಸ್ಸಿನಾಗ ಇನ್ನೊಬ್ಬರ ಕಾಲು ತುಳಿಯೂದು ಚಂದ ಅಲ್ಲ ಬಿಡವಾ" ಅಂದರು. ಅವರ ಮಾತಿನಲ್ಲಿ ಬೈಗುಳ ಇರಲಿಲ್ಲ. ಆದರೂ ನಾನು ಬಲೂನಿನ ಪಾಕೀಟನ್ನು ಚೀಲಕ್ಕೆ ಹಾಕಿದೆ.

ನನ್ನ ಪರದಾಟ ನೋಡಲಾಗದೆ ಜಮಖಾನದಿಂದ ಒಬ್ಬರು ಎದ್ದುಬಂದರು. ಬ್ಯಾಡಗಿಯ ಅಂಗಡಿಕಾರರೊಬ್ಬರ ಹೆಂಡತಿ.

"ಮೇಡಮ್ಮಾರ, ಒಂದು ಚೆಂಡು ಐತೇನ್ರಿ? ಹಾಡು ಹಚ್ಚಿ ಚೆಂಡು ದಾಟಸೂಣು. ಹಾಡು ನಿಂತಾಗ ಯಾರ ಕೈಯಾಗ ಇರ್ತೈತಿ, ಅವರು ಒಡಪು ಹೇಳ್ಲಿ."

ಒಡಪು ನಮ್ಮ ಕಡೆ ಮದುವೆ, ಸೀಮಂತದಲ್ಲಿ ಹೆಂಗಸರು ಆಡುವ ಆಟ. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಪ್ರಾಸದ ಎರಡು ಸಾಲು ಕಟ್ಟಿ ಅದರೊಳಗೆ ಸೇರಿಸಿ ಹೇಳಬೇಕು. ಮದುವೆಯಾಗದ ನನಗೆ ಅದು ಯಾವತ್ತೂ ದೂರದ ಆಟ. ಒಡಪಿಗೆ ಎಲ್ಲರೂ ಸುತ್ತ ಕೂತರೆ ನಾನು ಎಲೆ ಅಡಿಕೆ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಆದರೆ ಇಲ್ಲಿ ಹಾಡು ಹಚ್ಚುವವಳು, ನಿಲ್ಲಿಸುವವಳು ನಾನೇ. ಚೆಂಡು ನನ್ನತ್ತ ಬರುವ ಪ್ರಶ್ನೆ ಇರಲಿಲ್ಲ. ಹೂಂ ಅಂದು, ಆಟದ ಸಾಮಾನಿನ ಚೀಲದಿಂದ ಒಂದು ಚೆಂಡು ತೆಗೆದೆ.

ಚೆಂಡು ಮೊದಲು ನಿಂತಿದ್ದು ಆ ಬ್ಯಾಡಗಿಯ ಹೆಣ್ಣುಮಗಳ ಕೈಯಲ್ಲೇ.

"ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ, ನಮ್ಮ ಮನಿಯವರಿಗೆ ಸಿಟ್ಟು ಜಾಸ್ತಿ, ಮಾತು ಕಮ್ಮಿ" ಎಂದು ಕೊನೆಗೆ ಗಂಡನ ಹೆಸರು ಹೇಳಿದರು. ಎರಡೂ ಗೋಡೆಗಳ ಗಂಡಸರು ಒಟ್ಟಿಗೆ ನಕ್ಕರು. ಆ ಅಂಗಡಿಕಾರರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಕುರ್ಚಿಗಳು ತಾವಾಗಿಯೇ ಜಮಖಾನದ ಹತ್ತಿರ ಸರಿದವು. ಐದಾರು ಒಡಪು ಆದವು.

ಆಮೇಲೆ ಹಾಡು ನಿಲ್ಲಿಸಿದಾಗ ಚೆಂಡು ಅಗಡಿಯಿಂದ ಬಂದ ಒಬ್ಬ ಹೆಣ್ಣುಮಗಳ ಕೈಯಲ್ಲಿತ್ತು. ಫೋನಿನಲ್ಲಿ ದನಿ ಕೇಳಿ ಕೇಳಿ ಅವರು ನನಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ಬದನೆಯ ಬೀಜದ ಪ್ಲಾಟನ್ನು ತಾವೇ ನೋಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ವಯಸ್ಸಾದ ಅತ್ತೆ ಕೂತಿದ್ದರು.

ಹಿಂದಿನಿಂದ ಒಬ್ಬರು ಮೆಲ್ಲಗೆ, "ಮುಂದಿನವರಿಗೆ ಕೊಡವಾ, ಇರ್ಲಿ" ಅಂದರು. ಅದು ಕರುಣೆಯ ಮಾತೇ. ಎಲೆ ಅಡಿಕೆ ತಟ್ಟೆ ಹಿಡಿದು ಎದ್ದುಹೋಗುವ ನನ್ನ ಬೆನ್ನ ಹಿಂದೆಯೂ ಎಷ್ಟೋ ಮಂದಿ ಇಷ್ಟೇ ಮೆತ್ತಗೆ ಮಾತಾಡಿರಬೇಕು. ಹಾಡು ಮತ್ತೆ ಹಚ್ಚಲೋ ಬೇಡವೋ ತಿಳಿಯದೆ ನಿಂತೆ.

ಆಕೆ ಚೆಂಡು ಕೊಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ನನ್ನ ಕಡೆ ನೋಡಿದರು.

"ಗಂಡಂದ ಹೇಳ್ಬೇಕಂತೇನ್ರಿ? ಮನಿಯಾಗ ಇರೂವರದು ಹೇಳಿದ್ರ ನಡೀತೈತಿಲ್ರಿ?"

"ನಡೀತೈತ್ರಿ" ಅಂದೆ. ಆ ಆಟದ ನಿಯಮ ಬದಲಿಸಲು ನಾನ್ಯಾರು ಎಂದು ಆಗ ಯೋಚಿಸಲಿಲ್ಲ.

ಆಕೆ ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡರು. ಆಮೇಲೆ ಹೇಳಿದರು: "ನಾ ಹೊಲದಾಗಿದ್ರೂ ಒಲಿ ಮ್ಯಾಲಿನ ಹಾಲು ಉಕ್ಕಲಿಲ್ಲ, ನಮ್ಮತ್ತಿ ಬೆನ್ನಿಗಿದ್ರು, ನನ್ನ ಎದಿ ಅಳುಕಲಿಲ್ಲ." ಕೊನೆಗೆ ಅತ್ತೆಯ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಹೇಳಿದರು.

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಅತ್ತೆ ಸೆರಗು ಸರಿಮಾಡಿಕೊಂಡರು.

"ನನ್ನ ಹೆಸರು ಈಗ ರೇಷನ್ ಕಾರ್ಡಿನಾಗ ಅಷ್ಟ ಐತಿ ಅಂತ ತಿಳಕೊಂಡಿದ್ದೆ" ಅಂದರು. ಜನ ನಕ್ಕರು, ಅವರು ನಗಲಿಲ್ಲ. ಸೊಸೆಯ ಮಡಿಲಿಂದ ಚೆಂಡು ತೆಗೆದುಕೊಂಡರು. "ನನಗ ಒಡಪು ಕಟ್ಟಾಕ ಬರಂಗಿಲ್ಲ. ಸೀದಾ ಹೇಳ್ತೇನಿ." ಪ್ರಾಸವಿಲ್ಲದೆ, ಸೊಸೆಯ ಹೆಸರು ಹೇಳಿದರು. ಸೊಸೆ ಅತ್ತ ತಿರುಗಿ ಕಣ್ಣೊರೆಸಿಕೊಂಡರು.

ಅಲ್ಲಿಂದ ಮುಂದೆ ಆಟ ನನ್ನ ಕೈಯಲ್ಲಿರಲಿಲ್ಲ. ಹಣ್ಣು ಯಾಕೆಂದು ಕೇಳಿದವರು ತಾವೇ ಚೆಂಡು ಬೇಡಿ ಹೆಂಡತಿಯ ಹೆಸರಿಗೆ ಒಡಪು ಹೇಳಿದರು, ಪ್ರಾಸ ತಪ್ಪಿತು, ಜನ ಎರಡನೇ ಸಲ ಹೇಳಿಸಿದರು. ಒಬ್ಬ ಅಂಗಡಿಕಾರರು ತಂಗಿಯ ಹೆಸರು ಹೇಳಿದರು. ನಮ್ಮ ಮ್ಯಾನೇಜರರು ತಮ್ಮ ತಾಯಿಯ ಹೆಸರು ಹೇಳಿ, ಆಮೇಲೆ ಬಹಳ ಹೊತ್ತು ಮೈಕಿನ ಹತ್ತಿರ ಬರಲಿಲ್ಲ. ಅಡಿಗೆಯವರು ಎರಡು ಸಲ ಬಂದು, ರೊಟ್ಟಿ ಆರ್ತಾವು ಅಂದರು.

ಊಟದ ಪಂಕ್ತಿಯಲ್ಲಿ ಬ್ಯಾಡಗಿಯ ಹೆಣ್ಣುಮಗಳು ಅಗಡಿಯ ಅತ್ತೆ ಸೊಸೆಯ ನಡುವೆ ಕೂತಿದ್ದರು. ನಾನು ಎಣ್ಣೆಗಾಯಿ ಬಡಿಸುತ್ತ ಹೋದಾಗ ಬೀಜದ ಮಾತು ನಡೆದಿರಲಿಲ್ಲ. ಅತ್ತೆಯ ಮಂಡಿನೋವಿಗೆ ಎಣ್ಣೆ ಎಲ್ಲಿ ಸಿಗುತ್ತದೆಂದು ಆಕೆ ಸೊಸೆಗೆ ಹೇಳುತ್ತಿದ್ದರು. ಅತ್ತೆ, ಅದೆಲ್ಲ ಹಚ್ಚಿ ನೋಡಿದ್ದಾಗಿದೆ ಎನ್ನುತ್ತಿದ್ದರು.

ಸಂಜೆ ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಸೊಪ್ಪು ಸೋಸುತ್ತ ಕೇಳಿದಳು.

"ನಿನ್ನ ಕೈಯಾಗ ಚೆಂಡು ಬಂದಿದ್ರ ಏನಂತಿದ್ದಿ?"

ಏನೂ ಹೊಳೆಯುತ್ತಿರಲಿಲ್ಲ ಅಂದೆ. ಅವ್ವ, "ಹೊಳೀಲಿ ಬಿಡು, ಏನವಸರ" ಎಂದು ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. ಇಬ್ಬರೂ ಕೂತು ಸೋಸಿದೆವು. ನಡುವೆ ಅವ್ವನ ಹೆಸರಿಗೆ ಒಡಪಿನ ಒಂದು ಸಾಲು ನನಗೆ ಸಿಕ್ಕಿತು. ಅದಕ್ಕೆ ಜೋಡಿ ಸಾಲನ್ನು ಅವ್ವನೇ ಕೊಟ್ಟಳು.