ಗೋಡೆಯಾಚೆಯ ರಾಲ್ಫ್

ಎರಡು ಬಡಿತ. ಬೆರಳ ಗೆಣ್ಣಿನಿಂದ, ಅವಸರವಿಲ್ಲದೆ. ಉತ್ತರವಾಗಿ ಒಂದು.

ಇದು ರಾಲ್ಫ್ ಮಾಡಿದ ನಿಯಮ. ಅವನನ್ನು ನಾನು ನೋಡಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಹಿಂದಕ್ಕೆ ಮುಖಮಾಡಿ ಕೂತು ಮೆಷಿನ್‌ಗನ್ ಹಿಡಿದಿದ್ದ ಹುಡುಗ. ಇಪ್ಪತ್ತು ತುಂಬಿ ಮೂರೇ ತಿಂಗಳಿಗೆ ಹೋಗಿಬಿಟ್ಟ. ನಾನೀಗ ಇರುವ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿರುವ ಮಾರ್ಗರೆಟ್ ಅವನ ತಂಗಿ. ಅವರಿಗೀಗ ತೊಂಬತ್ತರ ಹತ್ತಿರ. ನಾನು ಇಲ್ಲಿಗೆ ಬಂದ ವಾರವೇ, ದಿನಾ ಬೆಳಿಗ್ಗೆ ಎಂಟಕ್ಕೆ ಗೋಡೆ ತಟ್ಟುತ್ತೇನೆ, ನೀನೂ ಒಮ್ಮೆ ತಟ್ಟಬೇಕು ಎಂದು ಕೇಳಿಕೊಂಡರು. ಒಂಟಿ ಜೀವ, ಬಿದ್ದುಗಿದ್ದರೆ ಯಾರಿಗಾದರೂ ತಿಳಿಯಲಿ ಎಂದಿರಬೇಕು ಅಂದುಕೊಂಡು ಒಪ್ಪಿದೆ. ಒಬ್ಬರ ಮನೆಯ ಕೀ ಇನ್ನೊಬ್ಬರಲ್ಲಿ ಇಟ್ಟುಕೊಂಡೆವು.

ನನ್ನ ಜೊತೆ ಮನೆ ಹಂಚಿಕೊಂಡಿರುವ ಮೈಸೂರಿನ ಶಾಹೀನ್‌ಗೆ ಇದು ತಮಾಷೆ. “ನಿನ್ ಅಜ್ಜಿ ಅಟೆಂಡೆನ್ಸ್ ತಗೋತಿದಾರೆ ಕಣೇ. ಬೇಗ ‘ಪ್ರೆಸೆಂಟ್ ಮಿಸ್’ ಅನ್ನು!”

ರಾಲ್ಫ್ ಗಿಡ್ಡಗಿದ್ದ; ಬಾಲದ ಇಕ್ಕಟ್ಟಿಗೆ ಅಂಥವರೇ ಬೇಕಿತ್ತಂತೆ. ಇಲ್ಲಿಂದ ಅರ್ಧ ಗಂಟೆ ದೂರದ ಕೆಂಟ್‌ನಲ್ಲಿ, ಈಗ ಗೋದಾಮುಗಳಿರುವ ಕಡೆ ಅವರ ತರಕಾರಿ ತೋಟವಿತ್ತು. ಸೇಬನ್ನು ಬೀಜಸಮೇತ ತಿಂದು, ತೊಟ್ಟನ್ನು ಮಾತ್ರ ಗಂಭೀರವಾಗಿ ತಂಗಿಯ ಕೈಯಲ್ಲಿಡುತ್ತಿದ್ದ. ತರಬೇತಿ ಮುಗಿಸಿ ರಜೆಯಲ್ಲಿ ಬಂದಾಗ ಅಪ್ಪನ ಟ್ರಕ್ಕಿನ ಹಿಂಭಾಗದಲ್ಲಿ ಹಿಮ್ಮುಖವಾಗಿಯೇ ಕೂರುತ್ತಿದ್ದ. “ನೀವೆಲ್ಲ ಹೋಗೋ ಕಡೆ ನೋಡ್ತೀರಿ. ನನಗೆ ಬಿಟ್ಟು ಬಂದಿದ್ದೇ ಕಾಣೋದು,” ಎಂದು ನಗುತ್ತಿದ್ದ.

ತೀರಾ ಎತ್ತರದಲ್ಲಿ ಆಮ್ಲಜನಕದ ಕೊಳವೆ ಹೆಪ್ಪುಗಟ್ಟಿದರೆ ಮನುಷ್ಯ ತನಗೇ ಗೊತ್ತಾಗದಂತೆ ನಿದ್ದೆಗೆ ಜಾರುತ್ತಾನೆ. ಅದಕ್ಕೇ ಕೆಲವು ನಿಮಿಷಕ್ಕೊಮ್ಮೆ ವಿಮಾನದಲ್ಲಿ ಒಬ್ಬೊಬ್ಬರನ್ನೂ ಕರೆದು ಉತ್ತರ ಕೇಳುತ್ತಿದ್ದರು. ಒಬ್ಬಳೇ ಮಲಗಲು ಹೆದರುತ್ತಿದ್ದ ಎಂಟು ವರ್ಷದ ತಂಗಿಗೆ ರಾಲ್ಫ್ ಇದನ್ನೇ ಆಟ ಮಾಡಿಕೊಟ್ಟ. ಅವರ ಕೋಣೆಗಳ ನಡುವೆ ಹಲಗೆಯ ಗೋಡೆ. ಅವನ ಬಾಯಲ್ಲಿ ಮಾರ್ಗರೆಟ್ ಮೆಗ್. “ಉತ್ತರ ಬರೋವರೆಗೂ ಕೇಳ್ತಾನೇ ಇರಬೇಕು ಮೆಗ್. ಸುಮ್ಮನಾಗೋ ಹಾಗಿಲ್ಲ.”

ಸಾಗರದಾಚೆಯ ಇಂಗ್ಲೆಂಡಿನಿಂದ ಅವನು ಬರೆದ ಕಾಗದಗಳಲ್ಲಿ ಬಾಂಬಿನ ಸುದ್ದಿಯಿಲ್ಲ. ಚಳಿ, ಕಾಲುಚೀಲ, ಮೊಟ್ಟೆ ಸಿಗದಿರುವುದು. ಹನ್ನೊಂದನೆಯ ಹಾರಾಟದಿಂದ ವಿಮಾನ ಹಿಂತಿರುಗಲಿಲ್ಲ.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಉಳಿದದ್ದು ಗೊತ್ತಾದದ್ದು ಕಳೆದ ಮಂಗಳವಾರ. ಶಾಹೀನ್ ಆಫೀಸಿಗೆ ಹೋಗಿದ್ದಳು. ಎಂಟಕ್ಕೆ ನಾನು ಮೀಟಿಂಗ್‌ನಲ್ಲಿದ್ದೆ, ಕ್ಯಾಮೆರಾ ಆನ್ ಆಗಿತ್ತು, ನನ್ನದೇ ತಪ್ಪೊಂದನ್ನು ವಿವರಿಸುತ್ತಿದ್ದೆ. ಎರಡು ಬಡಿತ ಕೇಳಿಸಿತು. ಆಮೇಲೆ ಹೋದರಾಯಿತು ಎಂದುಕೊಂಡೆ. ಮತ್ತೆ ಎರಡು. ಮತ್ತೆ. ಬರಬರುತ್ತ ಜೋರಾಯಿತು, ನನ್ನ ಮಾತು ತಡವರಿಸಿತು. ಆಮೇಲೆ ಗೋಡೆ ನಿಶ್ಶಬ್ದವಾಯಿತು. ಅದು ಇನ್ನೂ ಹೆದರಿಕೆ ಹುಟ್ಟಿಸಿತು. ಲ್ಯಾಪ್‌ಟಾಪ್ ಬಿಟ್ಟು ಎದ್ದೆ.

ಬಾಗಿಲು ತೆರೆದರೆ ಮಾರ್ಗರೆಟ್ ಹೊರಗೇ ಇದ್ದರು. ಒಂದೇ ಕಾಲಿಗೆ ಚಪ್ಪಲಿ. ನಮ್ಮ ಮನೆಯ ಕೀ ಕೈಯಲ್ಲಿತ್ತು, ಬೀಗಕ್ಕೆ ಸೇರಿರಲಿಲ್ಲ. ಗೆಣ್ಣುಗಳು ಕೆಂಪಾಗಿದ್ದವು.

“ಮೀಟಿಂಗ್ ಇತ್ತು. ಸಾರಿ ಮಾರ್ಗರೆಟ್.”

“ಒಂದು ಸಲ ತಟ್ಟೋದಕ್ಕೆ ಎಷ್ಟು ಹೊತ್ತು ಬೇಕು, ಮಗು?”

ಈ ಎರಡು ವರ್ಷ ಅವರು ಕಾವಲಿದ್ದುದು ತಮಗಲ್ಲ, ನನಗೆ ಎಂದು ಆಗ ಅರ್ಥವಾಯಿತು. ಒಳಗೆ ಕೂರಿಸಿ ಟೀ ಮಾಡಿಕೊಟ್ಟೆ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು:

“ಅವನು ಹೊರಟ ಬೆಳಿಗ್ಗೆ ನಾನು ಉತ್ತರ ಕೊಡಲಿಲ್ಲ. ಹೋಗ್ತಾನಲ್ಲ ಅಂತ ಸಿಟ್ಟು. ಎಚ್ಚರವಾಗೇ ಇದ್ದೆ. ತಟ್ಟಿದ, ತಟ್ಟಿದ, ತಟ್ಟಿದ. ಕೊನೆಗೆ ಟ್ರೈನ್‌ಗೆ ಹೊತ್ತಾಯ್ತು ಅಂತ ಅಪ್ಪ ಕೂಗಿದ್ರು.”

“ನಿದ್ದೆ ಮಾಡ್ತಿದ್ದೀರಿ ಅಂದ್ಕೊಂಡಿರ್ತಾನೆ,” ಎಂದೆ, ಸಮಾಧಾನಕ್ಕೆ.

ಅವರು ನನ್ನನ್ನೇ ನೋಡಿದರು. “ನಿದ್ದೆ ಹೋಗೋದೇ ಅಲ್ವಾ ಅವನಿಗಿದ್ದ ಭಯ?”

ಅವರ ಇನ್ನೊಂದು ಚಪ್ಪಲಿ ಹುಡುಕಿ ತಂದುಕೊಟ್ಟೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗಲೇ ಗೋಡೆಯ ಹತ್ತಿರ ಹೋಗಿ, ಅವರಿಗಿಂತ ಮೊದಲು ನಾನೇ ಎರಡು ಸಲ ತಟ್ಟಿದೆ. ಉತ್ತರವಿಲ್ಲ. ಮತ್ತೆ ಎರಡು. ಆಚೆ ಕುರ್ಚಿ ಸರಿದ ಸದ್ದು, ನಿಧಾನವಾದ ಹೆಜ್ಜೆ, ಆಮೇಲೆ ಏನೂ ಇಲ್ಲ. ಗೋಡೆಯ ಆ ಬದಿಯಲ್ಲಿ ಅವರು ನಿಂತಿರುವುದು ಗೊತ್ತಾಗುತ್ತಿತ್ತು. ನಾನು ಸುಮ್ಮನಾಗಲಿಲ್ಲ. ಒಂದು ಬಡಿತ ಬರುವವರೆಗೂ ತಟ್ಟಿದೆ.