ಎಮ್ಮೆ ಕೊಟ್ಟಿಗೆಯ ಸ್ಪೋರ್ಟ್ಸ್ ಕಾರು

ಮುನಿರಾಜು ಅವರ ಕಾರಿನಲ್ಲಿ ನಾನು ರಾಜಾಜಿನಗರದಿಂದ ಕೆಂಗೇರಿಗೆ ಹೋಗಿ ವಾಪಸು ಬಂದಾಗ, ನನ್ನ ನೆರಳು ಇನ್ನೂ ಬಸವೇಶ್ವರನಗರದ ತಿರುವಿನಲ್ಲಿ ಏದುಸಿರು ಬಿಡುತ್ತಿತ್ತು. ದಾರಿಯಲ್ಲಿ ಒಂದು ವಿಮಾನವನ್ನು ಹಿಂದೆ ಹಾಕಿದೆವು. ಪೈಲಟ್ ಕಿಟಕಿಯಿಂದ ಕೈ ಬೀಸಿದ. ಮರ್ಯಾದೆಗೆ ನಾವೂ ಬೀಸಿದೆವು. ನಂಬದವರು ಗೋವಿಂದರಾಜನಗರಕ್ಕೆ ಬಂದು ಕಾರನ್ನು ಮುಟ್ಟಿ ನೋಡಬಹುದು.

ನಾನು ಮೊದಲ ಸಲ ಮುಟ್ಟಿ ನೋಡಿದಾಗ ಆಯುಧಪೂಜೆಗೆ ಇನ್ನೂ ಹದಿನೈದು ದಿನ. ಬೆಳಗಿನ ಜಾವ. ಮುನಿರಾಜು ಅವರ ಮನೆ ಮಾಲೀಕರಾದ ಅಕ್ಕಯ್ಯಮ್ಮನವರ ಕೊಟ್ಟಿಗೆಯಲ್ಲಿ ಒಂದು ಕಡೆ ತುಂಬು ಗಬ್ಬದ ಎಮ್ಮೆ ಮೆಲುಕು ಹಾಕುತ್ತಿದೆ. ಇನ್ನೊಂದು ಕಡೆ, ಕಲ್ಲು ಪೇರಿಸಿ ಎತ್ತಿ ನಿಲ್ಲಿಸಿದ ಕೆಂಪು ಕಾರಿನ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿವೆ.

"ಸಾರ್, ಹುಷಾರು, ಸಗಣಿ!" ಎಂದು ಕಾರಿನ ಅಡಿಯಿಂದಲೇ ಸ್ವಾಗತ ಬರುತ್ತದೆ. ಅದರ ಬೆನ್ನಲ್ಲೇ ಒಂದು ಕೈ ಹೊರಬಂದು ನೆಲ ತಡವುತ್ತದೆ. ಹುಡುಕುತ್ತಿರುವುದು ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿಯನ್ನು. ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಾರಲ್ಲ, ಅದೇ ಡಬ್ಬಿ.

ಹೌದು, ಮುನಿರಾಜು ಕಾರು ಮೆಕ್ಯಾನಿಕ್ ಅಲ್ಲ. ಹೊಲಿಗೆ ಮಿಷನ್ ರಿಪೇರಿಯವರು. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಇತ್ತ ಬಾಪೂಜಿ ನಗರ, ಅತ್ತ ಮಹಾಲಕ್ಷ್ಮಿ ಲೇಔಟ್‌ವರೆಗೆ ಮನೆಮನೆಗೆ ಹೋಗುತ್ತಾರೆ. ಒಳ್ಳೆಯ ದಿನವಾದರೆ ಏಳೆಂಟು ಮಿಷನ್. ಇವರ ಸೈಕಲ್ ಬೆಲ್ ಕೇಳಿದರೆ ಸಾಕು, ಕೆಟ್ಟು ನಿಂತ ಮಿಷನ್ನುಗಳು ಹೆದರಿ ತಾವಾಗಿಯೇ ಹೊಲಿಯತೊಡಗುತ್ತವೆ. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಪ್ರತಿ ಮನೆಯಲ್ಲೂ ಇವರು ಹೇಳಿ ಬರುವ ಮಾತು ಒಂದೇ: "ಚಕ್ರ ಹಿಂದಕ್ಕೆ ತಿರುಗಿಸ್ಬೇಡಿ ಅಮ್ಮಾ, ದಾರ ಕಡೀತದೆ."

ಆರು ವರ್ಷದ ಹಿಂದೆ ಕಂಟೋನ್ಮೆಂಟಿನ ಬಂಗಲೆಯೊಂದಕ್ಕೆ ಮಿಷನ್ ರಿಪೇರಿಗೆ ಹೋದವರು ಹಿತ್ತಲಲ್ಲಿ ಈ ಕಾರು ಕಂಡರು. ಇಂಗ್ಲೆಂಡಿನಲ್ಲಿ ತಯಾರಾದದ್ದು. ಎರಡೇ ಸೀಟು, ಮೇಲೆ ಟಾಪಿಲ್ಲ, ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. "ಕೋಳಿ ಬಿಟ್ಟು ಉಳಿದದ್ದು ತಗೊಂಡು ಹೋಗು" ಎಂದರು ಬಂಗಲೆಯವರು. ಅಕ್ಕಯ್ಯಮ್ಮನವರ ಎತ್ತುಗಳು ಅದನ್ನು ಗೋವಿಂದರಾಜನಗರಕ್ಕೆ ಎಳೆದು ತಂದವು.

"ಎಲ್ರ ಗಂಡಂದಿರೂ ಬುಕ್ ಮಾಡಿ, ಕಾದು, ಸ್ಕೂಟರ್ ತಂದ್ರು. ಇವ್ರು ಕೋಳಿಗೂಡು ತಂದ್ರು ಸಾರ್," ಎನ್ನುತ್ತಾರೆ ಹೆಂಡತಿ ವಿಮಲಮ್ಮ. ಬೈಗುಳದಂತೆ ಶುರುವಾದ ಮಾತು ನಗುವಿನಲ್ಲಿ ಮುಗಿಯುತ್ತದೆ.

ಕಾರಿನ ಕೆಲಸ ದಿನಾ ಬೆಳಗಿನ ಜಾವ ಎರಡು ತಾಸು, ಭಾನುವಾರವಾದರೆ ಇಡೀ ದಿನ. ಬಿಡಿಭಾಗ ಸಿಗುವುದಿಲ್ಲ, ಗುಜರಿಯಲ್ಲಿ ಹುಡುಕಿ, ಉಜ್ಜಿ, ಕೂರಿಸಬೇಕು. ಹಳೆಯ ಬ್ರೇಕ್ ಕಿತ್ತು ಅಂಬಾಸಿಡರಿನದು ಹಾಕಿದ್ದಾರೆ. ಮಂಕು ದೀಪಗಳ ಜಾಗಕ್ಕೆ ಲಾರಿ ದೀಪ ಬಂದಿದೆ. ಹೊತ್ತಿಸಿದರೆ ಮಾಗಡಿ ರಸ್ತೆಯ ಹುಂಜಗಳೆಲ್ಲ ಬೆಳಗಾಯಿತೆಂದು ಕೂಗುತ್ತವೆ. ವೈಪರ್ ಓಡುವುದು ಹೊಲಿಗೆ ಮಿಷನ್ನಿನ ಕೈಚಕ್ರದಿಂದ. ಮಳೆ ಬಂದರೆ ಪಕ್ಕದಲ್ಲಿ ಕೂತವರು ತಿರುಗಿಸಬೇಕು. ರೆಕ್ಸಿನ್ ಸೀಟು ಹೊಲಿದುಕೊಟ್ಟವರು ಎದುರು ಮನೆಯಲ್ಲಿ ರವಿಕೆ ಹೊಲಿಯುವ ಗಿರಿಜಾದೇವಿ.

ಯಾಕೆ ಇಷ್ಟೆಲ್ಲ ಎಂದು ಕೇಳಿದೆ. ಮುನಿರಾಜು ಕೈ ಒರೆಸಿಕೊಂಡರು. "ದಿನಾ ಬೇರೆಯವ್ರ ಮಿಷನ್ನು ಸಾರ್. ಇದೊಂದು ನಂದು."

ಆದರೆ ಆ 'ನಂದು' ಕೈತಪ್ಪುವ ಕಾಲ ಬಂದಿತ್ತು. ಹುಟ್ಟುವ ಕರುವಿಗೆ ಜಾಗ ಬೇಕಲ್ಲ? ಅಕ್ಕಯ್ಯಮ್ಮ ನನ್ನೆದುರಿಗೇ ತೀರ್ಪು ಕೊಟ್ಟರು: "ನೋಡು ಮುನಿರಾಜು, ಆರು ವರ್ಷ ಸುಮ್ನಿದ್ದೆ. ಆಯುಧಪೂಜೆ ದಿನ ನಿನ್ ಗಾಡಿ ತಾನಾಗೇ ನಿಂಬೆಹಣ್ಣು ತುಳೀತೋ, ಇಲ್ಲೇ ಇರ್ಲಿ, ಎಮ್ಮೆಗೆ ಚಪ್ಪರ ಹಾಕಿಸ್ತೀನಿ. ತುಳೀಲಿಲ್ವೋ, ಮಾರನೇ ದಿನ ಗುಜರಿಯವ್ನು ಬರ್ತಾನೆ."

ಮುನಿರಾಜು ಒಂದು ಸಲ ಓಡಿಸಿ ನೋಡಬಹುದಿತ್ತು. ವಿಮಲಮ್ಮ ಬಿಡಲಿಲ್ಲ. ಪೂಜೆಯಾಗದ ಗಾಡಿ ರಸ್ತೆಗೆ ಇಳಿಯಕೂಡದು, ಅಷ್ಟೇ.

ಹಬ್ಬದ ದಿನ ಬೀದಿಯಲ್ಲಿ ಸ್ಕೂಟರು, ಸೈಕಲ್ಲು, ಗಿರಿಜಾದೇವಿಯವರ ಹೊಲಿಗೆ ಮಿಷನ್ನು, ಎಲ್ಲವೂ ಅರಿಸಿನ ಕುಂಕುಮ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಕಾರನ್ನು ತಳ್ಳಿ ತಂದು ನಡುವೆ ನಿಲ್ಲಿಸಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು. ಮುನಿರಾಜು ಕೂತರು, ಪಕ್ಕದಲ್ಲಿ ನಾನು. ಕೀ ತಿರುಗಿಸಿದೊಡನೆ ಎಂಜಿನ್ ಎದ್ದ ಸದ್ದಿಗೆ ವಿಧಾನಸೌಧದ ಪಾರಿವಾಳಗಳು ಹಾರಿಹೋದವು. ಫಸ್ಟ್ ಗೇರ್ ಬಿತ್ತು. ಕಾರು ಠೀವಿಯಿಂದ ಹಿಂದಕ್ಕೆ ಹೊರಟಿತು!

ಒಂದು ಮಾರು ಹೋಗಿ ಎಂಜಿನ್ ನಿಂತಿತು. ನಿಂಬೆಹಣ್ಣುಗಳು ಇದ್ದಲ್ಲೇ ಇದ್ದವು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಏನ್ ಮುನಿರಾಜಣ್ಣಾ, ಚಕ್ರ ಹಿಂದಕ್ಕೆ ತಿರುಗಿಸ್ಬೇಡಿ ಅಂತ ನಮಗೆ ಮಾತ್ರ ಹೇಳೋದಾ?" ಎಂದರು ಗಿರಿಜಾದೇವಿ.

ಹಿಂದಿನ ಆಕ್ಸಲಿನ ದೊಡ್ಡ ಹಲ್ಲುಚಕ್ರವನ್ನು ಮುನಿರಾಜು ಎಡಬಲ ಅದಲುಬದಲಾಗಿ ಕೂರಿಸಿದ್ದರು. ಹಾಗಾಗಿ ಕಾರಿಗೆ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದೇ. ರಿವರ್ಸ್ ಹಾಕಿದ್ದರೆ ಮುಂದೆ ಹೋಗುತ್ತಿತ್ತಲ್ಲ ಎಂದು ಅವರಿಗೆ ಹೊಳೆದದ್ದು ಹೋಳಿಗೆ ಊಟಕ್ಕೆ ಕೂತಾಗ! ಬೀದಿಯಲ್ಲಿ ಆ ಗಳಿಗೆಯಲ್ಲಿ ಅವರ ಮುಖ ಬಾಡಿಹೋಗಿತ್ತು. ಮತ್ತೆ ಮತ್ತೆ ಕೀ ತಿರುಗಿಸಿದರು, ಎಂಜಿನ್ ಏಳಲಿಲ್ಲ.

ಅಕ್ಕಯ್ಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ನಿಂಬೆಹಣ್ಣು ತುಳೀಬೇಕು ಅಂದಿದ್ದೆ. ಯಾವ ಕಡೆಗೆ ಅಂತ ಹೇಳಿರ್ಲಿಲ್ಲ. ಹಣ್ಣು ತೆಗೆದು ಚಕ್ರದ ಹಿಂದಕ್ಕಿಡ್ರೋ. ಮಂಗಳಾರತಿ! ಎಲ್ರೂ ಕಣ್ಮುಚ್ಚಿ ಕೈ ಮುಗೀರಿ."

ಗಂಟೆ, ಜಾಗಟೆ ಮೊಳಗಿದವು. ನಾವೆಲ್ಲ ಕಣ್ಣು ಮುಚ್ಚಿದೆವು. ಆಗ ಎಂಜಿನ್ ಸಿಂಹದಂತೆ ಗರ್ಜಿಸಿತು, ಕಾರು ಚಿಮ್ಮಿತು, ನಿಂಬೆರಸ ವಿಜಯನಗರದವರೆಗೂ ಹಾರಿತು.

ಇಲ್ಲಿಯವರೆಗೆ ಬರೆದು, ಮೊನ್ನೆ ಕೊಟ್ಟಿಗೆಯಲ್ಲಿ ಮುನಿರಾಜು ಅವರಿಗೆ ಓದಿ ಹೇಳಿದೆ. ಆಕ್ಸಲ್ ಬಿಚ್ಚುತ್ತಿದ್ದವರು ಕಾರಿನ ಅಡಿಯಿಂದ ತೆವಳಿ ಹೊರಬಂದರು.

"ವಿಮಾನ ಇರ್ಲಿ ಸಾರ್, ಓದೋರು ನಗ್ತಾರೆ. ಗರ್ಜನೆ ಮಾತ್ರ ಬೇಡ. ಎಂಜಿನ್ ನಿಂತೇ ಇತ್ತು. ಗೇರ್ ಬಿಡಿಸಿ, ಕೀ ಜೇಬಿಗೆ ಹಾಕ್ಕೊಂಡು ಕೈ ಮುಗಿದು ಕೂತಿದ್ದೆ. ನನ್ ಕಣ್ಣು ಮುಚ್ಚಿತ್ತು. ನಿಮ್ದು?"

"ನಂದೂ ಮುಚ್ಚಿತ್ತು."

"ಸುಳ್ಳು! 'ಅಯ್ಯೋ, ನಿಧಾನ ಅಮ್ಮಾ' ಅಂದ್ರಿ. ನನಗೆ ಕೇಳಿಸ್ತು."

ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

"ಇದ್ದದ್ದು ಇದ್ದ ಹಾಗೇ ಬರೀರಿ ಸಾರ್. ಎಮ್ಮೆ ಚಪ್ಪರದಲ್ಲೇ ಕರು ಹಾಕ್ತು, ಇನ್ನು ಗುಜರಿ ಭಯ ಇಲ್ಲ. ಗಾಡಿ ಮುಂದಕ್ಕೆ ಹೋದ ದಿನ ಮೊದ್ಲು ಆಯಮ್ಮನ್ನೇ ಕೂರಿಸ್ಕೊಂಡು ಮೈಸೂರು ರಸ್ತೆಗೆ ಹೋಗ್ಬೇಕು ಅಂತ ಆಸೆ. ಯಾಕೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಸಿಕ್ಕಿಬಿದ್ದೆ. ಒಪ್ಪಿಕೊಳ್ಳುತ್ತೇನೆ: ಈ ಕಾರು ಇನ್ನೂ ಆ ಬೀದಿ ದಾಟಿಲ್ಲ. ನಾನು ಕೆಂಗೇರಿಗೆ ಹೋಗುವುದು ಸಿಟಿ ಬಸ್ಸಿನಲ್ಲಿ. ಅವತ್ತು ನನ್ನ ಒಂದು ಕಣ್ಣು ತೆರೆದೇ ಇತ್ತು. ಅಕ್ಕಯ್ಯಮ್ಮ ಆರತಿ ತಟ್ಟೆಯನ್ನು ಕಣ್ಮುಚ್ಚಿ ನಿಂತಿದ್ದ ವಿಮಲಮ್ಮನ ಕೈಗೆ ತುರುಕಿದರು. ಸೆರಗು ಸಿಕ್ಕಿಸಿಕೊಂಡು ಕಾರಿನ ಮುಂದೆ ಬಂದರು. ಬಾನೆಟ್ಟಿಗೆ ಬೆನ್ನು ಕೊಟ್ಟು, ನೆಲಕ್ಕೆ ಕಾಲೂರಿ, ಹಲ್ಲು ಕಚ್ಚಿ ನೂಕಿದರು. ಹಣ್ಣು ಪಚಕ್ಕೆಂದಿತು. ತಿರುಗಿದವರಿಗೆ ನನ್ನ ತೆರೆದ ಕಣ್ಣು ಕಂಡಿತು; ತುಟಿಯ ಮೇಲೆ ಬೆರಳಿಟ್ಟರು. ತಟ್ಟೆ ವಾಪಸು ಇಸಕೊಂಡರು. ಆಮೇಲೆ, ಇನ್ನೂ ಏದುಸಿರು ಬಿಡುತ್ತಲೇ, ಜಾಗಟೆಗಿಂತ ಜೋರಾಗಿ ಕೂಗಿದರು:

"ಕಣ್ ಬಿಡ್ರೋ! ತುಳೀತು, ತಾನಾಗೇ ತುಳೀತು!"